ಹಿಂದೆ ಕೂತವರ ಕೈ

"ಸದ್ದೇ ಮಾಡದೆ ಇರೋದನ್ನ ಗಾಡಿ ಅಂತ ಯಾರಾದ್ರೂ ಕರೀತಾರಾ?"

ಗುಡುಗಣ್ಣ ಕೇಳಿದ್ದು ಯಾರನ್ನೂ ಅಲ್ಲ. ಆ ಹೊತ್ತಿಗೆ ಅಂಗಡಿಯಲ್ಲಿದ್ದವರೆಲ್ಲ ಗೋಡೆಯ ಮೇಲಿದ್ದರು. ಫ್ರೇಮ್ ಹಾಕಿಸಲು ಕೊಟ್ಟು ಒಯ್ಯಲು ಬಾರದೆ ಉಳಿದ ಮದುವೆಯ ಜೋಡಿಗಳು, ಪದವಿಯ ಟೋಪಿ ತೊಟ್ಟ ಹುಡುಗಿ, ಯಾರದೋ ಮನೆಯ ಗಂಭೀರ ಅಜ್ಜ. ಅವರೆಲ್ಲ ಗಾಜಿನ ಹಿಂದಿನಿಂದ ಅವನನ್ನು ನೋಡಿದರೇ ಹೊರತು ಒಬ್ಬರೂ ಬಾಯಿ ಬಿಡಲಿಲ್ಲ.

ಬಾಗಿಲ ಹೊರಗೆ ಹೆಂಡತಿಯ ಹೊಸ ಬ್ಯಾಟರಿ ಸ್ಕೂಟರು ನಿಂತಿತ್ತು. ಅದರ ಹೊಟ್ಟೆಯಿಂದ ಹೊರಟ ತಂತಿಯೊಂದು ಹೊಸಿಲು ದಾಟಿ ಒಳಗೆ ಬಂದು, ಫ್ರೇಮಿನ ಮೂಲೆ ಕೊಯ್ಯುವ ಗರಗಸದ ಪ್ಲಗ್ಗಿನಲ್ಲಿ ಮೂತಿ ತೂರಿಸಿಕೊಂಡಿತ್ತು. ಗರಗಸ ತವರಿಗೆ ಕಳಿಸಿದ ಸೊಸೆಯ ಹಾಗೆ ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿತ್ತು. ಗುಡುಗಣ್ಣ ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಹೊರಗೆ ಹೋಗಿ ಸ್ಕೂಟರಿನ ಸೀಟಿಗೆ ಕೈಯ ಹಿಂಭಾಗ ತಾಗಿಸಿದ. ಮಗುವಿಗೆ ಜ್ವರ ಇದೆಯೋ ಇಲ್ಲವೋ ಎಂದು ನೋಡುವಂತೆ. ಜ್ವರ ಇರಲಿಲ್ಲ. ಅವನಿಗೆ ಸ್ವಲ್ಪ ನಿರಾಸೆಯಾಯಿತು.

ಅವನದು ಫೋಟೋಗಳಿಗೆ ಫ್ರೇಮ್ ಹಾಕುವ ಕಸುಬು. ಆದರೆ ಆ ಕಸುಬು ಹೊಟ್ಟೆಗೆ. ಉಸಿರಿಗೆ ಅವನ ಹಳೆಯ ಮೋಟಾರ್ ಸೈಕಲ್ ಇತ್ತು. ಅದರ ಸದ್ದು ಕೇಳಿಯೇ ಬೀದಿಯವರು ಅವನನ್ನು ಗುಡುಗಣ್ಣ ಎಂದು ಕರೆಯತೊಡಗಿದ್ದು. ಬೈಗುಳವಾಗಿ ಹುಟ್ಟಿದ ಆ ಹೆಸರನ್ನು ಅವನು ಬಿರುದೆಂದು ತಿಳಿದು ಮೀಸೆಯ ಜೊತೆಗೇ ತಿರುವಿಕೊಂಡು ಓಡಾಡುತ್ತಿದ್ದ. ದಿನಾ ಬೆಳಿಗ್ಗೆ ಸ್ನಾನ ಮುಗಿಸಿ ಗಾಡಿಗೆ ಕಿಕ್ ಹೊಡೆಯುತ್ತಿದ್ದ. ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಇಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೊತ್ತಿ, ಕಣ್ಣು ಮುಚ್ಚಿ ಕೇಳುತ್ತಿದ್ದ. ಷಟ್ಪದಿ ಹಾಡುವವರು ಮೂರನೆಯ ಸಾಲಿಗೆ ಬಂದಾಗ ಎಳೆದು ನಿಲ್ಲುವುದಿಲ್ಲವೇ, ಹಾಗೆ ಅವನ ಇಂಜಿನ್ನೂ ನಡುನಡುವೆ ಎಳೆದು ನಿಂತು, ಇನ್ನೇನು ಸತ್ತೇಹೋಯಿತು ಎನ್ನುವಷ್ಟರಲ್ಲಿ ಮತ್ತೆ ಎತ್ತಿಕೊಳ್ಳುತ್ತಿತ್ತು. ಗಾಡಿಯ ಆತ್ಮ ಇರುವುದು ಆ ನಿಲುಗಡೆಯಲ್ಲೇ ಎಂಬುದು ಅವನ ಸಿದ್ಧಾಂತ. ಆ ಹೊತ್ತಿಗೆ ಪಕ್ಕದ ಮನೆಯವರ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು.

ಭಾನುವಾರ ಗುಡುಗು ಬಳಗದ ಸವಾರಿ. ಗುಡುಗಣ್ಣನೇ ಕ್ಯಾಪ್ಟನ್, ಬೆನ್ನಿಗೆ ಹಲ್ಲಿನ ಡಾಕ್ಟರು, ಬೇಕರಿಯವನು, ಇನ್ನೂ ನಾಲ್ಕೈದು ಜನ. ದೂರದ ಯಾವುದೋ ಹೋಟೆಲಿನಲ್ಲಿ ಕಾಫಿ ಕುಡಿದು ಬರುವುದು ಸವಾರಿಯ ಉದ್ದೇಶ. ಕಾಫಿ ಕುಡಿದು ಬಂದ ಭಾನುವಾರಗಳು ಕಡಿಮೆ, ದಾರಿಯಲ್ಲಿ ಚೈನು ಕಳಚಿ, ಸ್ಪಾರ್ಕ್ ಪ್ಲಗ್ಗು ಕಪ್ಪಾಗಿ, ಮೊಣಕೈವರೆಗೆ ಗ್ರೀಸ್ ಮೆತ್ತಿಸಿಕೊಂಡು ಹಸಿದು ಬಂದವೇ ಹೆಚ್ಚು.

"ರಸ್ತೇಲಿ ಒಂದ್ಸಲಾನೂ ಕೈ ಕೊಡದ ಗಾಡಿಗೆ ನಮ್ಮ ಮೇಲೆ ಪ್ರೀತಿ ಇಲ್ಲ ಅಂತ ಅರ್ಥ," ಎನ್ನುತ್ತಿದ್ದ ಗುಡುಗಣ್ಣ.

ಹೆಂಡತಿ ಸ್ಕೂಟರು ತಂದ ದಿನ ಸಂಜೆ ಬೇಕರಿಯ ಮುಂದೆ ಬಳಗದ ತುರ್ತು ಸಭೆ ಸೇರಿತು.

"ಬ್ಯಾಟರಿ ಅಂದ್ರೆ ಏನು? ಟಾರ್ಚಿಗೆ ಹಾಕೋದು," ಎಂದು ಅವನು ಶುರುಮಾಡಿದ. "ಟಾರ್ಚ್ ಮೇಲೆ ಕೂತ್ಕೊಂಡು ಯಾರಾದ್ರೂ ಪಕ್ಕದೂರಿಗೆ ಹೋಗ್ತಾರಾ? ಬಿಸಿಲಿಗೆ ಕಾಯುತ್ತೆ, ಚಳಿಗೆ ಮುದುಡುತ್ತೆ, ಮಳೆ ಬಂದ್ರೆ ದೇವರೇ ಗತಿ."

"ಮಳೆ ಬಂದ್ರೆ ನಮ್ಮವೂ ಸ್ಟಾರ್ಟ್ ಆಗಲ್ವಲ್ಲಣ್ಣ," ಎಂದ ಬೇಕರಿಯವನು.

"ಅದು ಸ್ವಾಭಿಮಾನ ಕಣೋ!"

ಹಲ್ಲಿನ ಡಾಕ್ಟರು ಬನ್ನು ಅಗಿಯುತ್ತಲೇ ಹೌದೆಂದು ತಲೆಯಾಡಿಸಿದರು. ಆ ಆವೇಶದಲ್ಲಿ ಗುಡುಗಣ್ಣ ಎದ್ದು ನಿಂತು, ತನ್ನ ಚರ್ಮದ ಜಾಕೆಟ್ಟಿನ ಎದೆ ತಟ್ಟಿಕೊಂಡ. ಬೆನ್ನ ಮೇಲೆ ಕ್ಯಾಪ್ಟನ್ ಎಂದು ಹಳದಿ ದಾರದಲ್ಲಿ ಹೊಲಿಸಿದ್ದ ಜಾಕೆಟ್ಟು ಅದು. ಬೇಸಿಗೆಯಲ್ಲೂ ಅವನ ಮೈಮೇಲಿಂದ ಇಳಿದದ್ದಿಲ್ಲ. "ಎಲ್ರೂ ಕೇಳಿಸ್ಕೊಳಿ. ನಾನು ಬ್ಯಾಟರಿ ಗಾಡಿ ಮೇಲೆ ಕೂತ ದಿನ ಈ ಜಾಕೆಟ್ ಬಿಚ್ಚಿಡ್ತೀನಿ. ಆಮೇಲೆ ಯಾರು ಬೇಕಾದ್ರೂ ಕ್ಯಾಪ್ಟನ್ ಆಗ್ರಿ."

ಬೇಕರಿಯವನ ಕಣ್ಣು ಜಾಕೆಟ್ಟಿನ ಅಳತೆ ತೆಗೆದುಕೊಂಡಿತು.

ಹೆಂಡತಿ ಸ್ಕೂಟರು ತಂದದ್ದಕ್ಕೆ ಕಾರಣವಿತ್ತು. ಅಂಗಡಿಯ ಫ್ರೇಮುಗಳನ್ನು ಗಿರಾಕಿಗಳ ಮನೆಗೆ ಮುಟ್ಟಿಸುವುದು ಗಂಡಹೆಂಡಿರಿಬ್ಬರ ಕೆಲಸ. ಅವನು ಗಾಡಿ ಓಡಿಸುವವನು. ಅವಳು ಹಿಂದೆ ಒಂದೇ ಕಡೆಗೆ ಕಾಲು ಹಾಕಿ ಕೂತು, ತೊಡೆಯ ಮೇಲೆ ಫ್ರೇಮ್ ನಿಲ್ಲಿಸಿ ಹಿಡಿದುಕೊಳ್ಳುವವಳು. ಮದುವೆಯಾದಂದಿನಿಂದ ಹೀಗೇ. ಮತ್ತು ಮದುವೆಯಾದಂದಿನಿಂದಲೂ ದಾರಿಯಲ್ಲಿ ಗಾಜು ಒಡೆಯುತ್ತಿತ್ತು. ಚಿಕ್ಕ ಫ್ರೇಮು ಹೇಗೋ ಬದುಕಿಕೊಳ್ಳುತ್ತಿತ್ತು. ದೊಡ್ಡದಾದರೆ ಮೂಲೆಯ ಮೊಳೆಯಿಂದ ಹೊರಟ ಬಿರುಕು ಓರೆಯಾಗಿ ಓಡಿ ಯಾರದೋ ಮೂಗಿನ ಮೇಲೆ ಬಂದು ನಿಲ್ಲುತ್ತಿತ್ತು.

"ನಿನ್ನ ಕೈ ಸ್ಥಿರ ಇಲ್ಲ ಕಣೇ," ಎನ್ನುತ್ತಿದ್ದ ಅವನು ಪ್ರತಿ ಸಲ. ಇಂಜಿನ್ ಮೇಲೆ ಅನುಮಾನ ಪಡುವುದೆಂದರೆ ದೇವರ ಮೇಲೆ ಅನುಮಾನ ಪಟ್ಟಂತೆ. ಅಂಥ ಪಾಪ ಅವನ ಮನಸ್ಸಿಗೆ ಸುಳಿದದ್ದೇ ಇಲ್ಲ.

ಅವಳ ಕೈಯೋ, ರಟ್ಟು ಕೊಯ್ಯುವಾಗ ಕೂದಲೆಳೆಯಷ್ಟೂ ಅತ್ತಿತ್ತ ಆಗದ ಕೈ. ಆದರೂ ಅವಳು ಇಷ್ಟು ದಿನ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಿದ್ದಳು. ಹೋದ ತಿಂಗಳು ಯಾರದೋ ಮೊಮ್ಮಗಳ ನೃತ್ಯದ ಫೋಟೋ ಒಡೆದಾಗ ಅವನು ಅದೇ ಮಾತನ್ನು ಗಿರಾಕಿಯ ಎದುರಿಗೇ ಅಂದ. ಅದಾದ ವಾರಕ್ಕೆ ಸ್ಕೂಟರು ಬಂತು.

ಈಗ ಮೇಜಿನ ಮೇಲೆ ಬಾಗಿಲಗಲದ ಫ್ರೇಮ್ ಇತ್ತು. ಶಾಲೆಯ ದೊಡ್ಡ ಮೇಡಂ ಅಂದು ಸಂಜೆ ನಿವೃತ್ತರಾಗುವವರಿದ್ದರು. ಅವರು ನಡುವೆ ಕೂತು, ಸುತ್ತ ಶಾಲೆಗೆ ಶಾಲೆಯೇ ನಿಂತು ತೆಗೆಸಿಕೊಂಡ ಫೋಟೋ ಅದು. ಸಮಾರಂಭಕ್ಕೆ ಮುಂಚೆ ಅದು ವೇದಿಕೆಯ ಮೇಲಿರಬೇಕಿತ್ತು.

"ಸ್ಕೂಟರಲ್ಲಿ ಹೋಗೋಣ ರೀ. ನಾನು ಓಡಿಸ್ತೀನಿ, ನೀವು ಹಿಡ್ಕೊಳಿ," ಎಂದಳು ಹೆಂಡತಿ, ಅಂಟಿನ ಕೈ ಒರೆಸಿಕೊಳ್ಳುತ್ತ.

"ತಲೆ ಕೆಟ್ಟಿದೆಯಾ? ಬಳಗದವರು ನೋಡಿದ್ರೆ?"

ಅವರು ಮೋಟಾರ್ ಸೈಕಲ್ಲಿನಲ್ಲೇ ಹೊರಟರು. ಬೀದಿಯ ತುದಿಯ ಮೊದಲ ಉಬ್ಬಿಗೇ ಚಟ್ ಎಂದಿತು. ಬಿರುಕು ದೊಡ್ಡ ಮೇಡಮ್ಮಿನ ಎಡಗಿವಿಯಿಂದ ಹೊರಟು ಬಲಗಿವಿಯಲ್ಲಿ ಮುಗಿದಿತ್ತು.

"ನೋಡು, ನಿನ್ನ ಕೈ..." ಎಂದು ಅವನು ಬಾಯಿ ತೆರೆದ.

"ಸರಿ," ಎಂದಳು ಅವಳು. ಧ್ವನಿ ಏರಲಿಲ್ಲ. "ಅಂಗಡೀಲಿ ಇಷ್ಟಗಲದ ಗಾಜು ಇನ್ನೆರಡಿದೆ. ಒಂದು ಹಾಕ್ಕೊಡ್ತೀನಿ. ಈ ಸಲ ಸ್ಥಿರವಾದ ಕೈಲಿ ನೀವೇ ಹಿಡ್ಕೊಳಿ."

"ಗಾಡಿ ಯಾರು ಓಡಿಸೋದು, ನಿನ್ನ ತಾತನಾ?"

ಇಬ್ಬರೂ ಅಂಗಡಿಗೆ ಮರಳುವ ಹೊತ್ತಿಗೆ ಹಲ್ಲಿನ ಡಾಕ್ಟರು ತಮ್ಮ ಕ್ಲಿನಿಕ್ಕಿಗೆ ಮಾಡಿಸಿದ್ದ ಹಲ್ಲಿನ ಚಿತ್ರ ಒಯ್ಯಲು ಬಂದರು. ಗುಡುಗಣ್ಣನ ಗಾಡಿ ಓಡಿಸುವ ಭಾಗ್ಯ ಅವರ ಬಹುದಿನದ ಕನಸು. ಕೇಳಿದ್ದೇ ತಡ, ಮುಖ ಇಷ್ಟಗಲ ಮಾಡಿಕೊಂಡು ಹತ್ತಿ ಕೂತರು. ಹೆಂಡತಿ ಹೊಸ ಗಾಜು ಕೂರಿಸಿ ಕೊಟ್ಟಳು. ಗುಡುಗಣ್ಣ ಹಿಂದೆ ಕೂತು, ಹಲ್ಲು ಕಚ್ಚಿ, ಕಬ್ಬಿಣದಂಥ ಎರಡು ಕೈಯಲ್ಲಿ ಫ್ರೇಮನ್ನು ಅವುಚಿಕೊಂಡ.

ಡಾಕ್ಟರು ಕಿಕ್ ಹೊಡೆದರು. ಗಾಡಿ ಗುಡುಗಿತು.

ಗುಡುಗಣ್ಣ ಆ ಗಾಡಿಯ ಹಿಂದಿನ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಮುಂದೆ ಕೂತವನಿಗೆ ಹಾಡಾಗಿ ಕೇಳುವುದು ಹಿಂದೆ ಕೂತವನಿಗೆ ಬೇರೆಯೇ ಆಗಿತ್ತು. ಬೆನ್ನುಮೂಳೆಯ ಮಣಿಗಳು ಒಂದಕ್ಕೊಂದು ತಾಳ ಹಾಕಿದವು. ದವಡೆ ತಾನೇ ತಾನಾಗಿ ಕಟಕಟ ಎಂದಿತು. ಕೈಯೊಳಗಿನ ಗಾಜು ಗುಂಯ್ ಎನ್ನತೊಡಗಿತು. ಅವನು ಇನ್ನಷ್ಟು ಬಿಗಿಹಿಡಿದ. ಅದು ಇನ್ನಷ್ಟು ಗುಂಯ್ ಎಂದಿತು. ಗಾಡಿ ಇನ್ನೂ ಅಂಗಡಿಯ ಮುಂದಿನಿಂದ ಕದಲಿರಲಿಲ್ಲ. ಆತ್ಮ ಇರುವ ಆ ನಿಲುಗಡೆ ಬಂತು. ಇಂಜಿನ್ ಎಳೆದು, ನಿಂತು, ಒಮ್ಮೆಲೇ ಒದ್ದು ಎತ್ತಿಕೊಂಡಿತು.

ಚಟ್!

ಡಾಕ್ಟರು ತಿರುಗಿ ನೋಡಿದರು. ಗಾಜನ್ನೂ ನೋಡಿದರು, ಗುಡುಗಣ್ಣನ ಮುಖವನ್ನೂ ನೋಡಿದರು. "ಅಣ್ಣಾ, ತಪ್ಪು ತಿಳ್ಕೋಬೇಡ. ನಿನ್ನ ಕೈ ಸ್ಥಿರ ಇಲ್ಲ ಅನ್ಸುತ್ತೆ," ಎಂದರು.

ಹೆಂಡತಿ ಹೊಸಿಲಲ್ಲಿ ನಿಂತಿದ್ದಳು. ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಅವಳು ಒಳಗೆ ಹೋಗಿ ಕೊನೆಯ ಗಾಜು ಎತ್ತಿಕೊಂಡಳು, ಮೊಳೆ ಹೊಡೆದಳು, ಬಂದು ಸ್ಕೂಟರಿನ ತಂತಿ ಕಿತ್ತು ಸುತ್ತಿಟ್ಟಳು.

"ಇದೂ ಹೋದ್ರೆ ದೊಡ್ಡ ಮೇಡಮ್ಮಿಗೆ ಬರೀ ಕಟ್ಟಿಗೆ ಕೊಟ್ಟು ಬರ್ಬೇಕು. ಏನ್ ಮಾಡ್ತೀರಿ, ಹೇಳಿ."

ಗುಡುಗಣ್ಣ ಬೀದಿಯ ಆ ತುದಿ ನೋಡಿದ, ಈ ತುದಿ ನೋಡಿದ. ಶಾಲೆಗೆ ಹೋಗುವ ದಾರಿ ಬೇಕರಿಯ ಮುಂದೆಯೇ ಹಾದುಹೋಗುತ್ತಿತ್ತು. ಡಾಕ್ಟರು ಆಗಲೇ ಆ ಕಡೆಗೆ ಹೆಜ್ಜೆ ಹಾಕಿಯಾಗಿತ್ತು, ನಡಿಗೆಯಲ್ಲಿ ಸುದ್ದಿ ಹೊತ್ತವರ ಚುರುಕಿತ್ತು. ಅವನು ಸ್ಕೂಟರಿನ ಹಿಂದಿನ ಸೀಟಿನ ಮೇಲೆ ಕೂತ.

"ಹಾಗಲ್ಲ. ಫ್ರೇಮ್ ದೊಡ್ಡದು. ಎರಡೂ ಕಾಲು ಒಂದೇ ಕಡೆ ಹಾಕಿ," ಎಂದಳು ಹೆಂಡತಿ.

"ಏನೇ?"

"ನಾನು ಹಾಗೇ ಕೂರ್ತಿದ್ನಲ್ಲ. ಹೂಂ, ಈಗ ಆ ಜಾಕೆಟ್ ಬಿಚ್ಚಿ."

"ಜಾಕೆಟ್ ಯಾಕೆ?"

"ತೊಡೆ ಮೇಲೆ ಮಡಿಸಿ ಹಾಸ್ಕೊಳಿ, ಗಾಜಿಗೆ ಮೆತ್ತಗಿರುತ್ತೆ. ಬೇಗ ರೀ, ಹೊತ್ತಾಯ್ತು!"

ಹೀಗೆ ಕ್ಯಾಪ್ಟನ್ ಎಂಬ ಹಳದಿ ಅಕ್ಷರಗಳು ಫ್ರೇಮಿನ ಅಡಿಗೆ ಹೋದವು. ಸ್ಕೂಟರು ಸದ್ದಿಲ್ಲದೆ ಸರಿಯಿತು. ಹೊರಟಿತೋ ಇಲ್ಲವೋ ಎಂದು ತಿಳಿಯದೆ ಗುಡುಗಣ್ಣ ಪಕ್ಕದ ಗೋಡೆ ನೋಡಿದ. ಗೋಡೆ ಹಿಂದಕ್ಕೆ ಹೋಗುತ್ತಿತ್ತು.

ಬೇಕರಿ ಹತ್ತಿರ ಬಂದಂತೆ ಅವನು ಫ್ರೇಮನ್ನು ಮೆಲ್ಲಗೆ ಮೇಲೆತ್ತಿ ಮುಖ ಮರೆಮಾಡಿಕೊಂಡ. ಹೊರಗಿನಿಂದ ನೋಡಿದವರಿಗೆ ಕಂಡದ್ದು ಇಷ್ಟು: ದೊಡ್ಡ ಮೇಡಂ ತಮ್ಮ ಶಾಲೆಯ ಅಷ್ಟೂ ಮಕ್ಕಳನ್ನು ಕಟ್ಟಿಕೊಂಡು, ಸದ್ದಿಲ್ಲದೆ, ಗಾಳಿಯಲ್ಲಿ ತೇಲುತ್ತ ಹೋಗುತ್ತಿದ್ದಾರೆ. ಬೇಕರಿಯವನು ಅವರ ಹಳೆಯ ವಿದ್ಯಾರ್ಥಿ. ಕಂಡೊಡನೆ ತಟ್ಟೆ ಕೆಳಗಿಟ್ಟು ಎದ್ದು ನಿಂತು ನಮಸ್ಕರಿಸಿದ. ನಮಸ್ಕರಿಸಿದ ಕೈ ಕೆಳಗಿಳಿಯುವಾಗ ಅವನ ಕಣ್ಣೂ ಕೆಳಗಿಳಿಯಿತು. ಮೇಡಮ್ಮಿನ ಅಡಿಯಲ್ಲಿ ಎರಡು ಸವಾರಿ ಬೂಟುಗಳು ನೇತಾಡುತ್ತಿದ್ದವು, ಎರಡೂ ಒಂದೇ ಕಡೆಗೆ.

"ಅಣ್ಣಾ!" ಎಂದು ಹಿಂದಿನಿಂದ ಕೂಗು ಕೇಳಿತು. ಎಷ್ಟು ಸ್ಪಷ್ಟವಾಗಿ ಕೇಳಿತೆಂದರೆ, ಅದರ ಹಿಂದೆಯೇ ಬಂದ ಡಾಕ್ಟರ ನಗುವೂ ಪೂರ್ತಿ ಕೇಳಿತು.

"ಮುಂದೆ ಉಬ್ಬು ಇದೆ, ಹುಷಾರು," ಎಂದಳು ಹೆಂಡತಿ.

ಅವನು ಫ್ರೇಮನ್ನು ಒಂಚೂರು ಮೇಲೆತ್ತಿ ಹಿಡಿದ. ಉಬ್ಬು ಮೆತ್ತಗೆ ಹಾದುಹೋಯಿತು.

"ಇಲ್ಲಿಗೆ ಬಂದಾಗೆಲ್ಲ ಹೇಳ್ತಿದ್ದೆ, ನಿಧಾನ ರೀ, ಉಬ್ಬು ಇದೆ ಅಂತ," ಎಂದಳು. "ನೀವು ಪ್ರತಿ ಸಲ ಹೂಂ ಹೂಂ ಅಂತ ತಲೆಯಾಡಿಸಿ ಇನ್ನೂ ಜೋರಾಗಿ ಬಿಡ್ತಿದ್ರಿ."

"ನೀನು ಇಂಜಿನ್ ಸದ್ದನ್ನ ಹೊಗಳ್ತಿದ್ದೀಯ ಅಂದ್ಕೊಂಡಿದ್ದೆ," ಎಂದ ಗುಡುಗಣ್ಣ.

"ಇಷ್ಟು ವರ್ಷಾನಾ?"

ಬೇರೆ ದಿನವಾಗಿದ್ದರೆ ಗಾಡಿಯ ಸದ್ದು ಅವನ ಪರವಾಗಿ ಉತ್ತರ ಕೊಟ್ಟುಬಿಡುತ್ತಿತ್ತು. ಈಗ ಅವಳ ಪ್ರಶ್ನೆ ಗಾಳಿಯಲ್ಲಿ ಹಾಗೇ ನಿಂತಿತ್ತು, ಹಾಡು ನಿಂತ ಮೇಲೂ ಮಿಡಿಯುವ ಶ್ರುತಿಯ ಹಾಗೆ. ಶಾಲೆಯ ಮುಂದಿನ ಏರಿನಲ್ಲಿ ಸ್ಕೂಟರು ನಿಧಾನವಾದಾಗ ಅವನಿಗೆ ಹೋದ ಜೀವ ಬಂದಂತಾಯಿತು.

"ನೋಡು! ಬ್ಯಾಟರಿ ಏದುಸಿರು ಬಿಡ್ತಿದೆ. ನಾನು ಹೇಳಿರ್ಲಿಲ್ವಾ?"

"ಹಿಂದೆ ಕೂತಿರೋದು ಯಾರು ನೋಡ್ಕೊಳಿ. ಕತ್ತೆ ಆಗಿದ್ರೂ ಏದುಸಿರು ಬಿಡ್ತಿತ್ತು."

ಫೋಟೋ ಇಡಿಯಾಗಿ ತಲುಪಿತು. ವೇದಿಕೆಯ ಮೇಲೆ ಅದನ್ನು ನಿಲ್ಲಿಸಿದಾಗ ದೊಡ್ಡ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು ಒಬ್ಬೊಬ್ಬರ ಮುಖವನ್ನೂ ಬೆರಳಿಟ್ಟು ನೋಡಿದರು. "ಎಷ್ಟು ಜೋಪಾನವಾಗಿ ತಂದಿದ್ದೀರಪ್ಪ," ಎಂದು ಗುಡುಗಣ್ಣನ ಕೈಹಿಡಿದರು. ಅವನು ಆ ಕೈಯನ್ನು ನಾಚಿಕೆಯಿಂದ ಹಿಂದಕ್ಕೆ ಎಳೆದುಕೊಂಡು, "ನಾನಲ್ಲ ಮೇಡಂ, ಇವಳು," ಎಂದ. ಮೆಲ್ಲಗೆ ಹೇಳಿದ. ಆದರೂ ಹೆಂಡತಿಗೆ ಕೇಳಿಸಿತು.

ಹೊರಗೆ ಬಂದಾಗ ಬಿಸಿಲು ಇಳಿದಿತ್ತು. ಅವಳು ಸ್ಕೂಟರು ಹತ್ತಿ ಕೂತಳು. ಅವನು ಮಾತ್ರ ಜಾಕೆಟ್ಟನ್ನು ತೋಳಿನ ಮೇಲೆ ಮಡಿಸಿಕೊಂಡು ಅಲ್ಲೇ ನಿಂತ. ದಿನ್ನೆಯಿಂದ ಕೆಳಗೆ ಬೇಕರಿ ಕಾಣುತ್ತಿತ್ತು. ಅದರ ಮುಂದೆ ಬಳಗಕ್ಕೆ ಬಳಗವೇ ಸೇರಿತ್ತು. ಬೇಕರಿಯವನು ಕುರ್ಚಿಯೊಂದನ್ನು ರಸ್ತೆಗೇ ತಂದು ಹಾಕಿಕೊಂಡಿದ್ದ.

"ಲೇ, ಒಂದ್ಮಾತು," ಎಂದ ಗುಡುಗಣ್ಣ. ಧ್ವನಿಯಲ್ಲಿ ಗುಡುಗು ಇರಲಿಲ್ಲ. "ಬೇಕರಿ ದಾಟೋ ತನಕ ನಾನು ಓಡಿಸ್ತೀನಿ ಕಣೇ. ಮುಂದೆ ಕೂತಿದ್ರೆ, ಸುಮ್ನೆ ಪರೀಕ್ಷೆ ಮಾಡ್ತಿದ್ದೆ ಅಂತಾದ್ರೂ ಹೇಳ್ಬಹುದು. ಹಿಂದೆ ಕೂತಿದ್ರೆ ಏನಂತ ಹೇಳ್ಲಿ?" ಅವನ ಬಲಗೈ ಆಗಲೇ ಗಾಳಿಯಲ್ಲಿ ಹ್ಯಾಂಡಲ್ ತಿರುವುತ್ತಿತ್ತು. "ಮತ್ತೆ... ಅದು ಹೇಗೆ ಓಡುತ್ತೆ ಅಂತ ನೋಡೋಣ ಅಂತಾನೂ ಇದೆ. ಸ್ವಲ್ಪ ದೂರ ಅಷ್ಟೇ."

ಅವಳು ಅವನ ಕೈ ನೋಡಿದಳು, ಕೆಳಗಿನ ಬೇಕರಿ ನೋಡಿದಳು, ಸೀಟಿನ ಮೇಲೆ ಇನ್ನಷ್ಟು ಮುಂದಕ್ಕೆ ಸರಿದು ಕೂತು ಎರಡೂ ಹಿಡಿಗಳನ್ನು ಭದ್ರವಾಗಿ ಹಿಡಿದುಕೊಂಡಳು.

"ಇಲ್ಲ ರೀ," ಎಂದಳು. "ಕೊಡಲ್ಲ."