ಬೀಗದ ಕೈ

ಹೊಳಲ್ಕೆರೆ ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವ ಸಾಕಮ್ಮನಿಗೆ ಮೂರ್ಛೆ ಬಂದಾಗಲೆಲ್ಲ, ಎದುರಿನ ಬೀಗ ರಿಪೇರಿಯ ಕಲಂದರ್ ಓಡಿಬಂದು, ಅವಳ ಅಂಗೈಗೆ ಕಬ್ಬಿಣದ ಬೀಗದ ಕೈ ಇಟ್ಟು, ಎಚ್ಚರವಾಗುವವರೆಗೂ ಆ ಮುಷ್ಟಿಯನ್ನು ಹಿಡಿದು ಕೂರುತ್ತಿದ್ದ. ಹಿಂದೆ ಮುಂದೆ ಯಾರೂ ಇಲ್ಲದ ಹೆಂಗಸು. ಮಿಕ್ಕ ಜನ ಅಂಟುರೋಗವೇನೋ ಎಂಬಂತೆ ಚಿಲ್ಲರೆಯನ್ನೂ ಮೇಲಿನಿಂದಲೇ ಉದುರಿಸುತ್ತಿದ್ದರು.

ಒಮ್ಮೆ ತೋರಿಸಲು ಹೋದ ಸಾಕಮ್ಮ ಇದನ್ನು ಹೇಳಿದಾಗ ಚಿತ್ರದುರ್ಗದ ಡಾಕ್ಟರಮ್ಮ ನಕ್ಕುಬಿಟ್ಟರು. "ಕಬ್ಬಿಣಕ್ಕೂ ಫಿಟ್ಸಿಗೂ ಏನೂ ಸಂಬಂಧ ಇಲ್ಲಮ್ಮ. ಮೆದುಳಿನಾಗೆ ಕರೆಂಟು ಒಮ್ಮೆಗೇ ನುಗ್ಗಿದಂಗೆ ಆಗ್ತೈತೆ. ಈ ಮಾತ್ರೆ ಅದನ್ನ ತಡೀತೈತೆ. ತಪ್ಪಿಸದಂಗೆ ನುಂಗ್ರಿ."

ಮಾತ್ರೆಯೇನೋ ಮಾತಿಗೆ ತಪ್ಪಲಿಲ್ಲ. ಯುಗಾದಿ ಹೋಗಿ ದೀಪಾವಳಿ ಬಂದರೂ ಸಾಕಮ್ಮ ಒಮ್ಮೆಯೂ ಬೀಳಲಿಲ್ಲ. ಕಲಂದರ್ ಅಂಗಡಿಯಿಂದಲೇ "ಆರಾಮೇನವ್ವ?" ಎಂದು ಕೇಳಿ ಸುಮ್ಮನಾಗುತ್ತಿದ್ದ.

ಒಂದು ಮಧ್ಯಾಹ್ನ ಅವಳೇ ಮನೆಯ ಬೀಗ ಹಿಡಿದು ಅವನ ಬಳಿ ಹೋದಳು.

"ಇದರ ಕೈ ಕಳದೈತೆ ಕಲಂದರಣ್ಣ."

ಹಸಿ ಸುಳ್ಳು. ಅದು ಅವಳ ಸೆರಗಿನ ಗಂಟಿನಲ್ಲೇ ಇತ್ತು.

ಅವನು ಹೊಸದನ್ನು ಉಜ್ಜಿ ಸರಿಮಾಡಿ, "ತಗಳವ್ವ" ಎಂದು ಹಲಗೆಯ ಮೇಲಿಟ್ಟು ಮುಂದಿನ ಗಿರಾಕಿಯತ್ತ ತಿರುಗಿದ.

ಸಾಕಮ್ಮ ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. ಕಬ್ಬಿಣ ತಣ್ಣಗೆ ಕೊರೆಯಿತು. ಮೂರ್ಛೆ ತಿಳಿದೇಳುವಾಗ ಅದು ಎಂದೂ ಹೀಗಿರಲಿಲ್ಲ, ಬೆಚ್ಚಗಿರುತ್ತಿತ್ತು.