ಟಿಯರ್ನಿ ಮೆಟ್ಟಿಲು ಹತ್ತಿದ ಚಳಿಗಾಲ

ಡೋನಲ್ ಟಿಯರ್ನಿಯವರು ಯಾರ ದೂರನ್ನೂ ಒಂದೇ ಸಲ ಕೇಳಿ ಎದ್ದವರಲ್ಲ. ಹೇಳುವವರು ಹೇಳಿ ಮುಗಿಸಿದ ಮೇಲೆ ಕಣ್ಣು ಅರೆಮುಚ್ಚಿ, ಅದೇ ಸಂಗತಿಯನ್ನು ತಮ್ಮ ಮಾತಿನಲ್ಲಿ ಮೊದಲಿನಿಂದ ಹೇಳಿ, "ನಾನು ಸರಿಯಾಗಿ ಕೇಳಿಸಿಕೊಂಡೆನೇ?" ಎನ್ನುತ್ತಿದ್ದರು, ಎದುರಿನವರು ಒಂದು ಪದ ತಿದ್ದಿದರೂ ಮತ್ತೆ ಮೊದಲಿನಿಂದಲೇ. ಕ್ವೀನ್ಸ್‌ಬರಿಯ ಮಿಠಾಯಿ ಅಂಗಡಿಯ ಮೇಲಿದ್ದ ಅವರ ಕಚೇರಿಯಲ್ಲಿ ಕಾಯುವವರಿಗೆಲ್ಲ ಇದರಿಂದ ಬೇಸರ. ತಮ್ಮ ಸರದಿ ಬಂದಾಗ ಮಾತ್ರ ಯಾರಿಗೂ ಬೇಸರವಾಗುತ್ತಿರಲಿಲ್ಲ.

ಐರ್ಲೆಂಡಿನ ಪಶ್ಚಿಮ ಕರಾವಳಿಯಿಂದ ಎಳೆ ವಯಸ್ಸಿನಲ್ಲಿ ಇಂಗ್ಲಿಷರ ನಾಡಿಗೆ ಬಂದು, ಹಗಲು ಇಟ್ಟಿಗೆ ಹೊತ್ತು ಸಂಜೆ ಕಾನೂನು ಓದಿದ ಮನುಷ್ಯ. ತೊಂಬತ್ತರ ದಶಕದಲ್ಲಿ ಬಾಡಿಗೆದಾರರ ವ್ಯಾಜ್ಯಗಳನ್ನೇ ನಡೆಸಿ, ಗೆದ್ದ ವ್ಯಾಜ್ಯ ಮರುವರ್ಷ ಬೇರೊಬ್ಬರ ಹೆಸರಿನಲ್ಲಿ ಮರಳಿ ಬರುವುದನ್ನು ಕಂಡು ಕಂಡು, ತೊಂಬತ್ತೆಂಟರಲ್ಲಿ ಚುನಾವಣೆಗೆ ನಿಂತು ಸ್ಥಳೀಯ ನಗರಾಡಳಿತದ ಕೌನ್ಸಿಲರ್ ಆದರು. ಅವರ ಕಪ್ಪು ಉಣ್ಣೆಯ ಕೋಟು ಯಾರ ಮನೆಯಲ್ಲೂ ಮೈಯಿಂದ ಇಳಿಯುತ್ತಿರಲಿಲ್ಲ. ಒಳಗಿನ ಅಸ್ತರು ಹರಿದಿರಬೇಕೆಂದು ನಮ್ಮ ಊಹೆ.

ನಾನು ಅವರನ್ನು ಹತ್ತಿರದಿಂದ ಕಂಡದ್ದು ಎರಡು ಸಾವಿರದ ಐದರ ಕೊನೆಯಲ್ಲಿ, ಕೌನ್ಸಿಲ್ ಬಾಡಿಗೆಗೆ ಕೊಟ್ಟ ನಮ್ಮ ಫ್ಲಾಟುಗಳ ಲಿಫ್ಟ್ ಕೆಟ್ಟು ನಿಂತಾಗ. ಶಾಲೆ ಬಿಟ್ಟು ಮನೆಯಲ್ಲಿದ್ದ ನನಗೆ ಮೆಟ್ಟಿಲಿನ ಸದ್ದೆಲ್ಲ ಪರಿಚಿತ. ನಾಲ್ಕನೆಯ ಮಹಡಿಯಲ್ಲಿ ನಮ್ಮ ಎದುರು ಮನೆಯ ಚಂದ್ರವ್ವ ಧಾರವಾಡದ ಕಡೆಯವರು. ಆಗಷ್ಟೇ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿತ್ತು. ಹೊರಗೆ ಹೋಗಿ ದಿನವೂ ನಡೆಯದಿದ್ದರೆ ಕಾಲು ಬಿಗಿದುಕೊಂಡು ಮುಂದೆ ನಡೆಯುವುದೇ ಕಷ್ಟವಾದೀತೆಂದು ಜಿಪಿ ಡಾಕ್ಟರು ಎಚ್ಚರಿಸಿದ್ದರು. ಲಿಫ್ಟ್ ಇಲ್ಲದೆ ಅವರು ಇಳಿಯುವಂತಿರಲಿಲ್ಲ.

ಟಿಯರ್ನಿ ದೂರು ಕೊಟ್ಟರು, ಕೌನ್ಸಿಲ್ಲಿನ ಅಧಿಕಾರಿ ವಿಚಾರಣೆಗೆ ಬಂದ. ಚಂದ್ರವ್ವ ಅವನಿಗೆ ಚಹಾ, ಚುರುಮುರಿ ಕೊಟ್ಟು, ಹೇಗಿದ್ದೀರಿ ಎಂದು ಅವನು ಕೇಳಿದಾಗ "ಆರಾಮ ಅದೀನ್ರಿ, ಏನೂ ತ್ರಾಸಿಲ್ಲ" ಎಂದರು. ಇಂದು ಎಂಬ ಹೆಸರಿನ ಮೊಮ್ಮಗಳು ಅದನ್ನು ಹಾಗೆಯೇ ಇಂಗ್ಲಿಷಿಗೆ ತಿರುಗಿಸಿದಳು. ತುರ್ತೇನಿಲ್ಲವೆಂದು ದೂರು ಬದಿಗೆ ಸರಿಯಿತು.

ಸಂಗತಿ ತಿಳಿಯಲು ಟಿಯರ್ನಿ ಬಂದಾಗ ಸಿಟ್ಟಾದದ್ದು ಚಂದ್ರವ್ವನೇ. "ಮೊದಲ ಸಲ ಮನೀಗೆ ಬಂದಾವ್ರ ಮುಂದ ನಮ್ಮ ಗೋಳು ಹೇಳ್ಕೋಂತ ಕುಂಡ್ರೂದೇನ್ರಿ ವಕೀಲ್ರ?"

"ಅಜ್ಜಿ, ಯು ಆರ್ ಇಂಪಾಸಿಬಲ್," ಎಂದಳು ಇಂದು.

ಟಿಯರ್ನಿ ನಗಲಿಲ್ಲ. ತಮ್ಮ ತಾಯಿಯೂ ಹೀಗೆಯೇ, ಸಾಯುವ ವಾರವೂ ಡಾಕ್ಟರಿಗೆ ಚೆನ್ನಾಗಿದ್ದೇನೆ ಎಂದಿದ್ದಳೆಂದರು. ಚಂದ್ರವ್ವ ದೂರು ಹೇಳಬೇಕಾಗಿಲ್ಲ, ತಾವೇ ಬೇರೆ ದಾರಿ ನೋಡುವುದಾಗಿ ಹೇಳಿ ಹೋದರು.

ಮುಂದಿನ ವಾರದಿಂದ, ಜನರ ಅಹವಾಲು ಕೇಳುವ ತಮ್ಮ ಶನಿವಾರದ ಸಭೆಯನ್ನು ಲೈಬ್ರರಿಯಿಂದ ಚಂದ್ರವ್ವನ ಹಾಲ್‌ಗೆ ತಂದರು. ಅರವತ್ತರ ಹತ್ತಿರದ ಭಾರವಾದ ದೇಹ; ಮಹಡಿಗೊಮ್ಮೆ ಕಂಬಿ ಹಿಡಿದು, ಮುಖ ಕೆಂಪಾಗಿಸಿಕೊಂಡು, ಯಾರು ಮಾತಾಡಿಸಿದರೂ ಕೈಯೆತ್ತಿ ತಡೆದು, ಮತ್ತೆ ಏರುತ್ತಿದ್ದರು. ಕೌನ್ಸಿಲ್ಲಿನ ಆಡಳಿತ ಅವರ ಪಕ್ಷದ್ದೇ ಆಗಿತ್ತು; ಅಹವಾಲು ತಂದವರೆಲ್ಲ ಆ ಮೆಟ್ಟಿಲು ಹತ್ತಿ ಕೆಟ್ಟ ಲಿಫ್ಟನ್ನು ಕಾಣುವುದು ಪಕ್ಷಕ್ಕೆ ಹಿಡಿಸಲಿಲ್ಲ. ಮೇ ತಿಂಗಳ ಚುನಾವಣೆಯವರೆಗೆ ಲಿಫ್ಟಿನ ವಿಷಯದಲ್ಲಿ ಸುಮ್ಮನಿರಿ, ಇಲ್ಲವೇ ಟಿಕೆಟ್ ಮರೆತುಬಿಡಿ ಎಂದು ಪಕ್ಷದ ಮುಖಂಡರು ಹೇಳಿಕಳಿಸಿದರು. ಆ ಮಾತನ್ನು ಚಂದ್ರವ್ವನ ಮನೆಗೇ ಬಂದು ಹೇಳಿ ಎಂದು ಟಿಯರ್ನಿ ಉತ್ತರಿಸಿದರು.

ಫೆಬ್ರುವರಿಯ ಒಂದು ಶನಿವಾರ ಮುಖಂಡರು ಆ ಅಧಿಕಾರಿಯೊಂದಿಗೆ ಬಂದೇಬಂದರು. ಬಂದವರು ಸೋಫಾದ ಮೇಲೆ ಕುಸಿದು, ಉಸಿರು ತಿರುಗಿದ ಮೇಲೆ, ಹೇಗಿದ್ದೀರಿ ಎಂದು ಕೇಳಿದರು. ಇಂದು ಅಜ್ಜಿಯ ಮುಖ ನೋಡಿದಳು.

"ನಾ ಆರಾಮ ಅದೀನ್ರಿ," ಎಂದರು ಚಂದ್ರವ್ವ, ನೀರಿನ ಲೋಟ ಮುಂದೆ ಚಾಚುತ್ತ. "ಏರಿ ಬರೂದ್ರಾಗ ನಿಮಗ ಭಾಳ ತ್ರಾಸ ಆತೇನ್ರಿ?"

ಅದು ಬರಿಯ ಉಪಚಾರ. ಮುಖಂಡರೂ ಉಪಚಾರಕ್ಕೇ, ಹೌದು, ತುಂಬ ಕಷ್ಟವಾಯಿತು ಎಂದರು. ಟಿಯರ್ನಿ ಕಣ್ಣು ಅರೆಮುಚ್ಚಿದರು. "ಆರೋಗ್ಯವಂತರಾದ ನಿಮಗೇ ಈ ಮೆಟ್ಟಿಲು ತುಂಬ ಕಷ್ಟವಾಯಿತು. ನಾನು ಸರಿಯಾಗಿ ಕೇಳಿಸಿಕೊಂಡೆನೇ?"

ಒಂದು ಪದವನ್ನೂ ತಿದ್ದದೆ ಮುಖಂಡರು ಅಧಿಕಾರಿಯ ಕಡೆ ತಿರುಗಿ, ಲಿಫ್ಟ್ ಯಾವಾಗ ರಿಪೇರಿಯಾಗುತ್ತದೆಂದು ಕೇಳಿದರು.

ಮಾರ್ಚಿನಲ್ಲಿ ಲಿಫ್ಟ್ ಮತ್ತೆ ನಡೆಯತೊಡಗಿತು. ಟಿಯರ್ನಿಗೆ ಟಿಕೆಟ್ ತಪ್ಪಿತು. ಸ್ವತಂತ್ರರಾಗಿ ನಿಂತು ಸೋತರು. ಮತದಾನದ ದಿನ ಚಂದ್ರವ್ವ ಕೋಲೂರಿ ಕೆಳಗಿಳಿದು, ಮತಗಟ್ಟೆಯವರೆಗೆ ನಡೆದೇ ಹೋಗಿ ಬಂದಿದ್ದರು. ಫಲಿತಾಂಶದ ಮರುದಿನ ಟಿಯರ್ನಿ ವಿಚಾರಿಸಿದ್ದು ಮೊಣಕಾಲನ್ನೇ.

ಪದವಿಯಲ್ಲಿ ಬಹುಕಾಲ ಉಳಿಯುವ ಕಲೆ ಇಂಥವರಿಗೆ ತಿಳಿಯದು, ಪಕ್ಷಗಳಿಗೂ ಇವರು ಹೆಚ್ಚು ದಿನ ಬೇಕಾಗುವುದಿಲ್ಲ. ನೊಂದವರು ಕಣ್ಣೀರು ತೋರಿಸಿದರೆ ಮಾತ್ರ ನಂಬುವ ಅಧಿಕಾರದ ಮುಂದೆ, ಕಣ್ಣೀರು ತೋರಿಸಲು ಒಪ್ಪದವರ ಪರವಾಗಿ ನಿಲ್ಲುವುದೇ ಇವರ ರಾಜಕಾರಣ. ನಿಂತಷ್ಟು ದಿನ, ಅಳದವರಿಗೂ ನ್ಯಾಯ ಸಿಗುತ್ತದೆ.