ಹೂವಿನ ದಿನ ತೋಟದೊಳಗೆ

ಕಾಫಿ ಹೂ ಅರಳಿದ ದಿನ ವಸ್ತಾರೆಯ ನಮ್ಮ ತೋಟಕ್ಕೆ ಯಾರೂ ಕಾಲಿಡುವಂತಿಲ್ಲ. ಆಳುಗಳಿಗೂ ಅಂದು ಕೆಲಸ ಬೇರೆ ಕಡೆ. ಸೆರಗು ತಾಗಿ ಒಂದು ಹೂ ಉದುರಿದರೆ ಒಂದು ಹಣ್ಣು ಹೋದಂತೆ ಎನ್ನುತ್ತಾರೆ ನಮ್ಮ ಅತ್ತೆ ಗಿರಿಜಾಂಬಾ.

ನನ್ನ ಪಿಎಚ್.ಡಿ.ಗೆ ಬೇಕಾಗಿದ್ದುದು ಅದೇ ದಿನದ ಹೂ. ಅರಳುವ ಹೊತ್ತಿನಲ್ಲಿ ಗಿಡ ತನ್ನೊಳಗಿನ ಸಕ್ಕರೆಯನ್ನು ಏನು ಮಾಡುತ್ತದೆ ಎನ್ನುವುದು ನನ್ನ ವಿಷಯ. ಹೋದ ವರ್ಷ ಮೊಗ್ಗು ಅರಳಿಸುವ ಹೂಮಳೆ ಬಂದಾಗ ನಾನು ಬಾಣಂತಿ. ಈ ಸಲವೂ ತಪ್ಪಿದರೆ ವಿಶ್ವವಿದ್ಯಾಲಯ ಕೊಟ್ಟ ಅವಧಿಯೇ ಮುಗಿಯುತ್ತದೆ.

"ಅಮ್ಮ ಏಳೋದ್ರೊಳಗೆ ಕಿತ್ಕೊಂಡು ಬಂದ್ಬಿಡು," ಎಂದರು ನನ್ನ ಗಂಡ ರುದ್ರೇಶ್. ನನಗೆ ಧೈರ್ಯ ಬರಲಿಲ್ಲ. ಅತ್ತೆ ಕಾಫಿ ಕುಡಿದು ಲೋಟ ಕೆಳಗಿಡುವವರೆಗೆ ಕಾದು, ಅವರನ್ನೇ ಕೇಳಿದೆ. ಅವರು ಲೋಟ ಎತ್ತಿಕೊಂಡು ಒಳಗೆ ಹೋದರು.

ಮರುದಿನ ಬೆಳಿಗ್ಗೆ ತೋಟ ಅರಳಿತ್ತು. ಕೊರೆಯುವಷ್ಟು ತಣ್ಣನೆಯ ಲಿಕ್ವಿಡ್ ನೈಟ್ರೋಜನ್ ತುಂಬಿದ ಡಬ್ಬಿ ಹಿಡಿದು ಅಂಗಳಕ್ಕಿಳಿದರೆ, ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದರು.

"ಇದೇನೇ ಮಾರಾಯ್ತಿ, ಹಸುಗೆ ಗಬ್ಬದ ಇಂಜೆಕ್ಷನ್ ಕೊಡೋ ಡಾಕ್ಟ್ರ ಡಬ್ಬಿ ತಂದಿದ್ದೀಯಲ್ಲ!"

"ಅಂಥದ್ದೇ ಡಬ್ಬಿ ಅತ್ತೆ. ಒಳಗೆ ಹೋರಿಯದ್ದೇನೂ ಇಲ್ಲ."

"ಸದ್ಯ!"

ಅವರು ಮುಂದೆ ನಡೆದು ಬೇಲಿ ಪಕ್ಕ ನಿಂತರು. ಕಾಂಡ ಕೊರೆಯುವ ಬೋರರ್ ಹುಳ ಹೊಕ್ಕು ಸೊರಗಿದ ಗಿಡಗಳು. ಹೂ ಅಲ್ಲೊಂದು ಇಲ್ಲೊಂದು.

"ತಗೋ. ಇವು ಹೇಗೂ ಈ ವರ್ಷ ಕಿತ್ತು ಸುಡೋವು."

ಅವರ ಮಟ್ಟಿಗೆ ಅದೇ ದೊಡ್ಡ ಮನಸ್ಸು. ಸುಮ್ಮನೆ ಕತ್ತರಿಸಿಕೊಂಡು ಹೋಗಬಹುದಿತ್ತು. ಆದರೆ ಕಾಯಿಲೆಯ ಗಿಡದಿಂದ ನನಗೆ ತಿಳಿಯುವುದು ಕಾಯಿಲೆಯ ಸಂಗತಿ ಮಾತ್ರ.

"ಅತ್ತೆ... ಗಟ್ಟಿ ಗಿಡದ್ದೇ ಬೇಕಿತ್ತು. ಐದಾರು ಗಿಡದ್ದು."

"ಚೆನ್ನಾಗಿರೋದನ್ನೇ ಕೀಳ್ಬೇಕಾ?"

"ಹೂಂ."

ನನ್ನನ್ನೇ ನೋಡಿದರು. ಹೋಗಲಿ ಬಿಡಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ತೋಟದ ನಡುವಿಗೆ ಹೊರಟಿದ್ದರು. ಅಡ್ಡ ಬಂದ ರೆಂಬೆಗಳನ್ನು ಎರಡೂ ಕೈಯಲ್ಲಿ ಎತ್ತಿ, ನಾನು ದಾಟುವವರೆಗೆ ಹಿಡಿದು, ಮೆಲ್ಲಗೆ ಬಿಡುತ್ತಿದ್ದರು. ಸುತ್ತ ಜೇನುಹುಳಗಳ ಸದ್ದು.

ಹೂವಿನಿಂದ ಬಿಳಿಯಾದ ಗಿಡವೊಂದರ ಮುಂದೆ ನಿಂತು ರೆಂಬೆ ಬಗ್ಗಿಸಿಕೊಟ್ಟರು.

"ಅದ್ಯಾಕೆ ಅಷ್ಟು ತಣ್ಣಗಿರೋ ಡಬ್ಬಿ?"

"ಕಿತ್ತ ತಕ್ಷಣ ಹೂವಿಗೆ ಗೊತ್ತಾಗುತ್ತೆ ಅತ್ತೆ. ಒಳಗಿರೋದೆಲ್ಲ ಬದಲಾಗೋಕೆ ಶುರುವಾಗುತ್ತೆ. ಅಷ್ಟರೊಳಗೆ ಹೆಪ್ಪುಗಟ್ಟಿಸ್ಬೇಕು."

"ಹಾಗಾದ್ರೆ ಮಾತಾಡ್ತಾ ನಿಂತ್ಕೋಬೇಡ. ಬೇಗ ಮಾಡು."

ಹೂ ಕತ್ತರಿಸಿ ಡಬ್ಬಿಯೊಳಗೆ ಹಾಕಿದೆ. ಬಿಳಿ ಹೊಗೆ ಎದ್ದಿತು. ಮುಚ್ಚಳ ಹಾಕಿ ತಲೆಯೆತ್ತುವಷ್ಟರಲ್ಲಿ, ಅತ್ತೆ ಮುಂದಿನ ಗಿಡದ ರೆಂಬೆ ಹಿಡಿದು ಕಾಯುತ್ತಿದ್ದರು.